ಕೆಂಪು ಬಾವುಟ ಎತ್ತಿದವಳು

ಹಳದಿ ಹೌಸ್, ವಾರ್ಡನ್ ಕೋಣೆ
ಮಾರ್ಚ್ ೬, ಗುರುವಾರ ಮಧ್ಯಾಹ್ನ

ತಂಗೀ,

ಕ್ಷೇಮಸಮಾಚಾರ ಆಮೇಲೆ, ಮೊದಲು ಜಗಳ ಮುಗಿಯಲಿ. ಫೋನಿನಲ್ಲಿ ನೀನು ನನಗೆ ಒಂದು ಮಾತು ಪೂರ್ತಿ ಆಡಲು ಬಿಡುವುದಿಲ್ಲ. ಅರ್ಧಕ್ಕೇ ಅಳು ಶುರು, ಆಮೇಲೆ ನಿನ್ನ ಯಜಮಾನರು ಫೋನ್ ಇಸಕೊಂಡು ಹುಂ, ಹುಂ ಅಂತಾರೆ, ಕಟ್ ಮಾಡ್ತಾರೆ. ಅದಕ್ಕೇ ಈ ಕಾಗದ, ನಾಳೆ ಬೆಳಗಿನ ಬಸ್ಸಿನಲ್ಲಿ ಕೊಟ್ಟು ಕಳಿಸ್ತೀನಿ.

ಶನಿವಾರ ಗಾಡಿ ತಗೊಂಡು ಬರ್ತೀನಿ, ಮಗಳ ಟಿ.ಸಿ. ಬರೆಸಿಡು ಅಂದುಬಿಟ್ಟೆಯಲ್ಲ, ನಿನಗೆ ತಲೆ ನೆಟ್ಟಗಿದೆಯಾ? ಏಪ್ರಿಲ್‌ನಲ್ಲಿ ಅವಳ ಆಯ್ಕೆ ಓಟ ಇದೆ. ಮೂರು ವರ್ಷ ಬೆಳಗಿನ ಐದೂವರೆಗೆ ಎದ್ದು ಓಡಿದ್ದೆಲ್ಲ ಅದಕ್ಕೇ. ಅವಳು ನಿನಗೆ ಬಂದು ಕರೆದುಕೊಂಡು ಹೋಗು ಅಂತ ಮಾತ್ರ ಹೇಳಿದ್ದಾಳೆ, ಯಾಕೆ ಅಂತ ಹೇಳಿಲ್ಲ ಅಂದೆ. ಹೇಳಲ್ಲ ಬಿಡು. ಸುಮ್ಮನೆ ಅವಳಿಗೆ ಮನೆಯಲ್ಲಿ ಮೊಂಡಿ ಅಂತ ಹೆಸರಿಟ್ಟೆವಾ? ನಾನೇ ಹೇಳ್ತೀನಿ ಕೇಳು.

ಈ ಆಟದ ಶಾಲೆಯಲ್ಲಿ ಮಕ್ಕಳನ್ನು ನಾಲ್ಕು ಬಣ್ಣದ ಹೌಸ್ ಮಾಡಿ ಹಂಚಿದ್ದಾರೆ. ಮಲಗುವ ಮಂಚ, ಊಟದ ಮೇಜು, ಸ್ನೇಹ, ಕೋಪ ಎಲ್ಲ ಹೌಸಿನ ಪ್ರಕಾರವೇ. ವರ್ಷದ ಕೊನೆಗೆ ಹೆಚ್ಚು ಅಂಕ ಗಳಿಸಿದವರಿಗೆ ಕಪ್. ನೀಲಿ ಹೌಸಿನವರು ಅದನ್ನು ಹತ್ತು ವರ್ಷ ಅಪ್ಪನ ಮನೆ ಆಸ್ತಿ ಅನ್ನೋ ಹಾಗೆ ಇಟ್ಟುಕೊಂಡಿದ್ದರು. ನಮ್ಮ ಹಳದಿ ಹೌಸು ಸದಾ ಕೊನೆ. ಸ್ಟಾಫ್ ರೂಮಿನಲ್ಲಿ ನೀಲಿ ಹೌಸಿನ ಮೇಡಂ ನನ್ನನ್ನು ಕೊನೆಯಕ್ಕ ಅಂತಲೇ ಕರೆಯೋದು, ನಗ್ತಾ ನಗ್ತಾ. ನಾನೂ ನಗ್ತಾ ಇದ್ದೆ. ಹದಿನಾಲ್ಕು ವರ್ಷ ನಕ್ಕಿದ್ದೀನಿ ಕಣೇ, ದವಡೆ ನೋಯೋವಷ್ಟು.

ಕಳೆದ ಶನಿವಾರ ಕೊನೆಯ ಸ್ಪರ್ಧೆ ಲಾಂಗ್‌ಜಂಪ್. ನಾವು ಬರೀ ಎರಡು ಅಂಕ ಹಿಂದೆ. ಮಿಡತೆ ಅಂತ ನಮ್ಮ ಹೌಸಿನ ಹುಡುಗಿ ಇದ್ದಾಳಲ್ಲ, ಅವಳು ಗೆದ್ದರೆ ಕಪ್ ನಮ್ಮದು. ನೆಗೆಯುವ ಹಲಗೆಯ ಮುಂದೆ ಮಕ್ಕಳು ಗೊಂಬೆ ಮಾಡುವಂಥ ಹಸಿರು ಕ್ಲೇ ಮೆತ್ತಿರುತ್ತೇವೆ. ಕಾಲು ಹಲಗೆ ದಾಟಿದರೆ ಅದರಲ್ಲಿ ಗುರುತು ಬೀಳುತ್ತದೆ, ನೆಗೆತ ತಪ್ಪು. ಪಕ್ಕದಲ್ಲಿ ಕೂತವರು ಕೆಂಪು ಬಾವುಟ ಎತ್ತಬೇಕು. ಸರಿಯಿದ್ದರೆ ಬಿಳಿ. ನಮ್ಮ ಶಾಲೆಯಲ್ಲೊಂದು ಹಳೇ ಪದ್ಧತಿ, ಯಾವ ಹೌಸಿನವಳು ನೆಗೆಯುತ್ತಾಳೋ ಅದೇ ಹೌಸಿನ ಮಗು ಬಾವುಟ ಹಿಡಿಯಬೇಕು. ತಮ್ಮವರ ತಪ್ಪನ್ನು ತಾವೇ ಹೇಳಲು ಕಲಿಯಲಿ ಅಂತ ಮೊದಲ ಹೆಡ್‌ಮೇಷ್ಟ್ರು ಮಾಡಿಟ್ಟು ಹೋದದ್ದು. ನಮ್ಮ ಬಾವುಟ ಮೊಂಡಿಯ ಕೈಲಿತ್ತು. ಅವಳ ಕೈಗೆ ಕೊಟ್ಟವಳು ನಾನೇ, ಗ್ರಹಚಾರ.

ಮಿಡತೆ ಕೊನೆಯ ಸಲ ನೆಗೆದಳು, ಎಲ್ಲರಿಗಿಂತ ದೂರ. ನಮ್ಮ ಹುಡುಗಿಯರು ಕಿರುಚಿದ ಕಿರುಚಾಟಕ್ಕೆ ಕಿವಿ ಗುಂಯ್ ಅಂತು. ನಿನ್ನ ಮಗಳು ಕೆಂಪು ಎತ್ತಿದಳು! ನಾನು ಓಡಿಹೋಗಿ ಹಲಗೆಯ ಹತ್ತಿರ ಮಂಡಿಯೂರಿ ನೋಡಿದೆ. ಟೇಪು ಹಿಡಿದು ಮರಳಿನ ಆ ತುದಿಯಲ್ಲಿದ್ದ ಕ್ರೀಡಾ ಮೇಷ್ಟ್ರೂ ಬಂದು ನೋಡಿದರು. ಗುರುತೇ ಇಲ್ಲ, ಕ್ಲೇ ನುಣ್ಣಗಿದೆ. ನಿಜವಾಗಲೂ ನೋಡಿದೆಯಾ ಅಂತ ಮೇಷ್ಟ್ರು ಮೂರು ಸಲ ಕೇಳಿದರು. ನೋಡಿದೆ ಅಂದಳು. ಹಾಗಾದರೆ ಗುರುತೆಲ್ಲಿ ಅಂದರು. ಆಗ ನನ್ನ ಮುಖ ನೋಡಿದಳು, ಬಾವುಟ ಕೆಳಗಿಟ್ಟಳು. ಮೇಷ್ಟ್ರು ತಾವೇ ಬಿಳಿ ಎತ್ತಿದರು. ಕಪ್ ನಮಗೆ ಬಂತು.

ಅಲ್ಲಿಂದ ಶುರುವಾಯಿತು. ನೀಲಿ ಹೌಸಿನಲ್ಲಿ ಅವಳಿಗೊಬ್ಬ ಗೆಳತಿ ಇದ್ದಾಳೆ, ಅದಕ್ಕೇ ಸುಳ್ಳು ಬಾವುಟ ಎತ್ತಿದಳು ಅಂತ ಹಾಸ್ಟೆಲ್ ತುಂಬ ಗುಸುಗುಸು. ಅವಳ ಮೇಜಿಗೆ ಯಾರೂ ಕೂರುವುದಿಲ್ಲ. ಓಟದ ಬೂಟು ಎರಡು ಸಲ ಸಿಂಟೆಕ್ಸ್ ತೊಟ್ಟಿಯ ಹಿಂದೆ ಸಿಕ್ಕಿತು. ರಿಲೇ ಅಭ್ಯಾಸದಲ್ಲಿ ಮಿಡತೆ ಇವಳ ಕೈಗೆ ಬ್ಯಾಟನ್ ಕೊಡದೆ ನೆಲಕ್ಕೆ ಹಾಕುತ್ತಾಳೆ. ನಾನು ಬೈದಿಲ್ಲ ಅಂದುಕೊಂಡೆಯಾ? ಎಲ್ಲರಿಗೂ ಬೈದೆ, ಗಂಟಲು ಕಟ್ಟೋವಷ್ಟು. ಇವಳಿಗೂ ಬೈದೆ. ಕಣ್ಣು ತಪ್ಪಿತು, ಕ್ಷಮಿಸಿ ಅಂತ ಒಂದು ಮಾತು ಹೇಳಿಬಿಡು, ಎಲ್ಲ ತಣ್ಣಗಾಗುತ್ತೆ ಅಂದೆ. ಊಹೂಂ.

ಅವಳ ಕೊಬ್ಬು ಕೇಳು. ಕಪ್ ಬಂದ ದಿನ ಊಟಕ್ಕೆ ನಾನೇ ಖುದ್ದು ಬಡಿಸುತ್ತಿದ್ದೆ. ಇವಳು ತಟ್ಟೆ ಹಿಂದಕ್ಕೆಳೆದುಕೊಂಡು, ದೊಡ್ಡಮ್ಮ ಕೈ ತೊಳೆದುಕೊಂಡಿರಾ ಅಂತ ಕೇಳಿದಳು. ಎಲ್ಲರ ಮುಂದೆ! ಚಿಕ್ಕವಳಿದ್ದಾಗ ಅವಳ ಮೂಗು ಒರೆಸಿದ ಕೈ ಇದು. ಈಗ ದಿನಾ ಊಟಕ್ಕೆ ಬಂದು ನನ್ನ ಕೈಯನ್ನೇ ನೋಡ್ತಾಳೆ, ಬೇರೆಯವಳ ಹತ್ತಿರ ಬಡಿಸಿಕೊಂಡು ಹೋಗ್ತಾಳೆ.

ಈಗ ನಿನ್ನ ಟಿ.ಸಿ. ವಿಷಯ. ಫಾರಂ ನನ್ನ ಮುಂದೆಯೇ ಇದೆ. ಅದರಲ್ಲಿ ನಡತೆ ಅಂತ ಒಂದು ಕಾಲಂ, ಹೌಸ್ ವಾರ್ಡನ್ ತುಂಬಬೇಕು. ಸುಳ್ಳು ತೀರ್ಪು ಕೊಟ್ಟಿದ್ದಾಳೆ ಅಂತಲೇ ಬರೆಯಿರಿ ಅಂತ ಮೇಷ್ಟ್ರು ಹೇಳಿ ಹೋಗಿದ್ದಾರೆ. ಅದನ್ನು ಬರೆದರೆ ಬೇರೆ ಯಾವ ಆಟದ ಶಾಲೆಯೂ ಅವಳನ್ನು ಬಾಗಿಲಿಗೂ ಸೇರಿಸುವುದಿಲ್ಲ. ಬರೆಯದಿದ್ದರೆ ಯಾಕೆ ಅಂತ ನನ್ನನ್ನು ಕೇಳುತ್ತಾರೆ. ಬೆಳಗಿನಿಂದ ಪೆನ್ನು ಹಿಡಿದು ಕೂತಿದ್ದೀನಿ. ನಿನಗೆ ಕೈಮುಗೀತೀನಿ, ಶನಿವಾರ ಬರಬೇಡ. ನೀನು ಬರದಿದ್ದರೆ ನಾನು ಈ ಕಾಲಂ ತುಂಬೋದು ತಪ್ಪುತ್ತೆ.

ನಿನ್ನ ಅಕ್ಕ

ತಾ.ಕ. ಕಾಗದ ಅಂಟಿಸಿದ್ದೆ, ಮತ್ತೆ ಒಡೆದೆ. ಈಗ ಸಂಜೆ, ಊಟದ ಹಾಲ್‌ನಿಂದ ಈಗಷ್ಟೇ ಬಂದೆ. ಮೇಲೆ ಬರೆದದ್ದರಲ್ಲಿ ಒಂದು ಮಾತು ಬಿಟ್ಟಿದ್ದೇನೆ. ನಾನು ಮಂಡಿಯೂರಿ ನೋಡಿದಾಗ ಕ್ಲೇಯಲ್ಲಿ ಗುರುತಿತ್ತು, ಎರಡು ಬೆರಳಗಲ. ಮೇಷ್ಟ್ರು ಆ ತುದಿಯಿಂದ ಬರುವಷ್ಟರಲ್ಲಿ ಹೆಬ್ಬೆರಳಿನಿಂದ ಸವರಿಬಿಟ್ಟೆ. ಯಾಕೆ ಅಂತ ಕೇಳಬೇಡ, ಕೊನೆಯಕ್ಕ ಅನ್ನೋ ಮಾತು ಕಿವಿಯಲ್ಲಿತ್ತು. ಮೊಂಡಿ ಎರಡಡಿ ದೂರದಲ್ಲಿ ಕೂತು ನೋಡಿದಳು. ಊಟಕ್ಕೆ ಬಡಿಸುವಾಗ ನನ್ನ ಉಗುರಿನ ಸಂದಿಯಲ್ಲಿ ಹಸಿರು ಇನ್ನೂ ಇತ್ತು. ಐದು ದಿನ ಹಾಸ್ಟೆಲ್ಲೆಲ್ಲ ಸುಳ್ಳಿ ಅಂದರೂ ಅವಳು ನನ್ನ ಹೆಸರು ಹೇಳಲಿಲ್ಲ. ನಾನು ಅವಳಿಗೇ ಕ್ಷಮೆ ಕೇಳು ಅಂದೆನಲ್ಲೇ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ನಾಲ್ಕು ಗಂಟೆಗೆ ಕಪ್ ತಗೊಂಡು ಹೋಗಿ ಹೆಡ್‌ಮಿಸ್ಟ್ರೆಸ್ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಆಮೇಲೆ ಊಟದ ಹಾಲ್‌ನಲ್ಲಿ, ಸೌಟು ಕೈಲಿ ಹಿಡಿದುಕೊಂಡೇ, ಹುಡುಗಿಯರಿಗೆಲ್ಲ ಹೇಳಿದೆ. ಮಿಡತೆ ಅತ್ತಳು. ಮೊಂಡಿ ಅಳಲಿಲ್ಲ. ಸಾಲಿನಲ್ಲಿ ಬಂದು ನನ್ನ ಮುಂದೆ ನಿಂತು ತಟ್ಟೆ ಚಾಚಿದಳು. ಅಷ್ಟೇ.

ಅವಳು ಎಲ್ಲಿಗೂ ಬರೋದಿಲ್ಲವಂತೆ, ಏಪ್ರಿಲ್ ಓಟ ಮುಗಿಯೋವರೆಗೂ. ನೀನು ಮಾತ್ರ ಶನಿವಾರ ಗಾಡಿ ತಗೊಂಡು ಬಾ. ಕೋಣೆ ಖಾಲಿ ಮಾಡಬೇಕಾದವಳು ನಾನು.