ಖಾಲಿ ತಿರುಗುವ ಕೀಲಿ

ಅವ್ವಾ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ತಿಕೋಟಾಕ್ಕೆ ಹೋಗಿ ಒಣದ್ರಾಕ್ಷಿ ಶೆಡ್ಡಿನ ಎರಡು ಕಂಬಕ್ಕೆ ಬೆಸುಗೆ ಹಾಕಿ, ಊಟದ ಹೊತ್ತಿಗೆ ವಿಜಯಪುರಕ್ಕೆ ತಿರುಗಿ ಬಂದೆ. ಮಧ್ಯಾಹ್ನ ಅಪ್ಪನ ಜೊತೆ ಒಂದು ಮಾತು ಆಯಿತು. ಆಮೇಲೆ ಬೆಸುಗೆ ಕೆಲಸಕ್ಕೆ ಕೈ ಏಳಲಿಲ್ಲ. ಅಪ್ಪ ಈಗ ಒಂದು ರೊಟ್ಟಿ, ಹೆಸರುಕಾಳು ಪಲ್ಯ ತಿಂದು ಹೊರಸಿನ ಮೇಲೆ ಅಡ್ಡಾಗಿದ್ದಾನೆ. ನೀನು ಹೋದಾಗಿನಿಂದ ದಿನಾ ನಾಲ್ಕು ಸಾಲು ಬರೆದಿಡುವುದು ರೂಢಿಯಾಗಿದೆ. ಇವತ್ತಿನದು ನಾಲ್ಕು ಸಾಲಿಗೆ ಮುಗಿಯುವಂಥದ್ದಲ್ಲ. ಅದಕ್ಕೇ ನೇರವಾಗಿ ನಿನಗೆ ಬರೆಯುತ್ತಿದ್ದೇನೆ. ಅಪ್ಪ ಮಾತ್ರ, ನಿನಗೆ ಹೇಳಬೇಡ ಅಂದಿದ್ದಾನೆ.

ದಸರೆಯ ಖಂಡೇ ಪೂಜೆಯ ದಿನ ನೆನಪಿದೆಯಾ? ಸ್ಟೇಷನ್ ರಸ್ತೆಯ ಬ್ಯಾಂಕಿನ ಬಾಗಿಲಲ್ಲಿ ವರ್ಷವಿಡೀ ಅಪ್ಪನ ಪಕ್ಕ ನಿಲ್ಲುತ್ತಿದ್ದ ಜೋಡುನಳಿಗೆ ಬಂದೂಕು ಆ ಒಂದು ದಿನ ದೇವರ ಮುಂದೆ, ನಿನ್ನ ಈಳಿಗೆ ಮಣೆಯ ಮಗ್ಗುಲಲ್ಲಿ ಮಲಗುತ್ತಿತ್ತು. ಚೆಂಡು ಹೂವು ಏರಿಸುತ್ತ ನೀನು, "ವರ್ಷಪೂರ್ತಿ ದುಡದಾಕಿ ನನ್ನ ಈಳಿಗಿ. ಕುಂಕಮ ಮಾತ್ರ ನಿಮ್ಮ ಬಂದೂಕಿಗಿ ದೊಡ್ಡದ ನೋಡ್ರಿ. ಒಂದಿನಾನರ ಢಂ ಅಂದೈತೇನು ಅದು?" ಅನ್ನುತ್ತಿದ್ದೆ. "ಅನ್ನಲಾರದ್ದಕ್ಕ ಬ್ಯಾಂಕ್ ಉಳದೈತಿ ಬೇ," ಅಂತ ಅಪ್ಪ ಮೀಸೆಯಲ್ಲೇ ನಗುತ್ತಿದ್ದ. ಪೂಜೆ ಮುಗಿದ ಮೇಲೆ ಬಂದೂಕನ್ನು ಎರಡು ತುಂಡಾಗಿ ಬಿಚ್ಚಿ ಒರೆಸಿ, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುತ್ತಿದ್ದ. ಆ ಕೀಲಿ ಅವನ ಉಡದಾರದಲ್ಲೇ ಇರಬೇಕು. ಸ್ನಾನಕ್ಕೂ ತೆಗೆದವನಲ್ಲ. ನನ್ನ ತಾಳಿಗಿಂತ ನಿಮ್ಮ ಕೀಲಿ ಗಟ್ಟಿ ಅಂತ ನೀನು ಚುಚ್ಚುತ್ತಿದ್ದೆ. ಅಡುಗೆಮನೆಯ ಹೊಸ್ತಿಲು ಮಾತ್ರ ಆ ಬಂದೂಕು ದಾಟಕೂಡದು ಅನ್ನುವುದು ನಿನ್ನ ಕಾಯಿದೆ.

ಅಪ್ಪ ಮೊದಲ ಸಲ ಚಹಾಕ್ಕೆ ಉಪ್ಪು ಹಾಕಿಕೊಂಡಾಗ ನೀನು ನಕ್ಕಿದ್ದೆ. ನೀನು ಹೋದ ಮೇಲೆ ನಗುವಂಥದ್ದೇನೂ ಉಳಿಯಲಿಲ್ಲ. ಕೆಲವು ದಿನ ಎಲ್ಲ ಸರಿಯಾಗಿರುತ್ತಾನೆ. ಕೆಲವು ದಿನ ಬಚ್ಚಲು ಎಲ್ಲಿದೆ ಎಂದು ಕೇಳುತ್ತಾನೆ. ನಿನ್ನನ್ನಂತೂ ದಿನಾ ಕೇಳುತ್ತಾನೆ. "ಎಲ್ಲಿ ಹೋಗ್ಯಾಳೋ ನಿಮ್ಮವ್ವ?" ಒಂದೆರಡು ಸಲ ನಿಜ ಹೇಳಿದೆ. ಹೇಳಿದಾಗಲೆಲ್ಲ ಅವನಿಗೆ ಅದು ಹೊಸ ಸುದ್ದಿ, ಮೊದಲ ದಿನದ ಅಳು. ಕೊನೆಗೆ, "ತವರಮನಿಗೆ ಹೋಗ್ಯಾಳ ಅಪ್ಪಾ, ಸಾರವಾಡಕ್ಕ," ಅನ್ನತೊಡಗಿದೆ. "ಹೋಗಲಿ ಬಿಡು, ಬಸ್ಸಿಗೆ ಬರ್ತಾಳ," ಅಂತ ಸುಮ್ಮನಾಗುತ್ತಾನೆ. ಇಷ್ಟು ಸುಳ್ಳನ್ನು ನೀನೂ ಒಪ್ಪುತ್ತಿದ್ದೆ ಅಂದುಕೊಂಡಿದ್ದೇನೆ. ಮುಂದಿನದ್ದನ್ನು ಒಪ್ಪುತ್ತಿದ್ದೆಯೋ ಇಲ್ಲವೋ...

ಒಂದು ಬೆಳಿಗ್ಗೆ ಖಾಸಿಂಬಿ ಚಿಗವ್ವ ಎಂದಿನಂತೆ ಮೊಸರಿನ ಬಟ್ಟಲು ಹಿಡಿದು ಪಕ್ಕದ ಮನೆಯಿಂದ ಬಂದಳು. ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ಹೊರಗೆ ಅಪ್ಪನ ದನಿ ಕೇಳಿತು, ಎಷ್ಟೋ ವರ್ಷದ ಹಿಂದೆ ಬ್ಯಾಂಕಿನ ಬಾಗಿಲಲ್ಲಿದ್ದ ಗಟ್ಟಿ ದನಿ. "ಯಾರ್ರಿ ಅದು? ಟೋಕನ್ ತೋರಸ್ರಿ ಮೊದಲ." ಓಡಿ ಬಂದು ನೋಡಿದರೆ ಅಪ್ಪ ಕಟ್ಟೆಯ ಮೇಲೆ ನೆಟ್ಟಗೆ ನಿಂತಿದ್ದಾನೆ. ಬಂದೂಕು ಜೋಡಿಸಿದೆ. ನಳಿಗೆ ಚಿಗವ್ವನ ಹೊಟ್ಟೆಯ ಕಡೆ. ಅವಳ ಮುಖ ಬಿಳಿಚಿತ್ತು, ಆದರೆ ದನಿ ನಡುಗಲಿಲ್ಲ ಅವ್ವಾ. "ಟೋಕನ್ ಮನ್ಯಾಗ ಬಿಟ್ಟು ಬಂದೀನ್ರಿ ಅಣ್ಣಾರ. ತರ್ತೀನಿ, ನಿಂದರ್ರಿ," ಅಂದು ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿದು ಹೋದಳು. ನಾನು ಅಪ್ಪನ ಹೆಗಲು ಮುಟ್ಟಿ, "ಡ್ಯೂಟಿ ಮುಗೀತಪ್ಪಾ, ಬಾ," ಅಂದೆ. ಬಂದೂಕು ಕೊಟ್ಟ. ಬಿಚ್ಚಿ ನೋಡಿದೆ. ಒಂದು ನಳಿಗೆಯಲ್ಲಿ ಕಾಡತೂಸು ಇತ್ತು.

ಸಂಜೆ ಚಿಗವ್ವನ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತೆ. "ತಮ್ಮಾ, ನಾ ಯಾರಿಗೂ ಹೇಳೂದಿಲ್ಲ. ಆದರ ಮುಂದ ಬರಾಕಿ ನಾನೇ ಇರ್ತೀನಂತ ಏನ ಗ್ಯಾರಂಟಿ? ಸಾಲಿ ಹುಡುಗ್ರು ಇದ್ದರ?" ಅಂದಳು. ಬಂದೂಕನ್ನು ಆ ದಿನವೇ ಠಾಣೆಗೆ ಒಪ್ಪಿಸಬೇಕಿತ್ತು. ಬಬಲೇಶ್ವರದಲ್ಲಿರುವ ಗಿರಿಜಕ್ಕನಿಗೆ ಫೋನ್ ಮಾಡಿದರೆ ಅವಳು, "ಬಂದೂಕ ಹೋತಂದ್ರ ಅಪ್ಪನೂ ಹೋದಂಗಲೋ. ಅವಗ ಉಳದದ್ದ ಅದೊಂದು," ಅಂತ ಅತ್ತಳು. ಅಕ್ಕನ ಮಾತು ನನಗೆ ಅನುಕೂಲವಾಯಿತು. ನಿಜ ಹೇಳಲೇ? ಅಪ್ಪನ ಮುಂದೆ ನಿಂತು, ಇನ್ನು ನೀನು ಬಂದೂಕು ಮುಟ್ಟಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಬಂದೂಕನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿ, ಕಾಡತೂಸುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ನಿನ್ನ ಜೋಳದ ಡಬ್ಬಿಯಲ್ಲಿ ಹುಗಿದೆ. ಹೌದು, ಹೊಸ್ತಿಲು ದಾಟಿಸಿದೆ. ಅವನು ಇನ್ನೊಂದನ್ನು ಎಲ್ಲಾದರೂ ಬಚ್ಚಿಟ್ಟಿದ್ದರೆ? ಆ ಹೆದರಿಕೆ ಹೋಗಲಿಲ್ಲ. ಆಗ ಹೊಳೆದದ್ದು, ಬಂದೂಕಿಗೆಂದೇ ಒಂದು ಕಬ್ಬಿಣದ ತಿಜೋರಿ ಮಾಡುವುದು.

"ಅಪ್ಪಾ, ಪೆಟಗಿ ಸಣ್ಣದಾತು. ದೊಡ್ಡದು ಮಾಡೂಣು," ಅಂದೆ. ಅವನ ಕಣ್ಣು ಅರಳಿದ್ದು ನೋಡಬೇಕಿತ್ತು ನೀನು. "ನಾನೂ ಅದನ್ನ ಅನ್ನೂನಿದ್ದೆ. ಎರಡು ತುಂಡು ಮಾಡಿ ಮಲಗಸೂದು ಬ್ಯಾಡ. ನನ್ನ ಜೋಡಿ ನಿಂತದ್ದದು, ನಿಂತ ಇರಲಿ." ಸರಿ, ಅಳತೆ ಬೇಕಲ್ಲ. ಬಂದೂಕು ತೆಗೆಯಲು ಅವನು ಉಡದಾರಕ್ಕೆ ಕೈ ಹಾಕಿದ. ನಾನು ತಡೆದೆ. ಮತ್ತೆ ಅದು ಅವನ ಕೈಗೆ ಹೋಗುವುದು ನನಗೆ ಬೇಡವಾಗಿತ್ತು. "ಅದನ್ಯಾಕ ತಗೀತಿ, ನಿನಗ ಗೊತ್ತಿರೂದ ಐತಲ್ಲ," ಅಂದೆ. ಅವನು ಹೆಮ್ಮೆಯಿಂದ ಗೋಡೆಗೆ ಬೆನ್ನು ಕೊಟ್ಟು ನಿಂತು ಅಂಗಿಯ ಮೂರನೇ ಗುಂಡಿಯ ಮೇಲೆ ಬೆರಳಿಟ್ಟ. "ಬಂದೂಕಿನ ಕಟ್ಟಿಗಿ ಬುಡ ಕಾಲ ಹೆಬ್ಬಟ್ಟಿನ ಬಾಜೂಕ, ನಳಿಗಿ ಬಾಯಿ ಇಲ್ಲಿಗಿ. ಕಣ್ಣ ಮುಚ್ಚಿ ಹೇಳ್ತೀನಿ." ನೆಲದಿಂದ ಗುಂಡಿಯವರೆಗೆ ಟೇಪು ಹಿಡಿದು ಗುರುತು ಹಾಕಿಕೊಂಡೆ.

ತಿಕೋಟಾದಲ್ಲಿ ಒಬ್ಬರು ಹಳೆಯ ದ್ರಾಕ್ಷಿ ತೋಟ ಕಿತ್ತು ಹಾಕಿದ್ದರು. ಬಳ್ಳಿ ಹಬ್ಬಿಸಿದ್ದ ಅಂಗಲ್ ಕಬ್ಬಿಣ ಅಲ್ಲಿ ರಾಶಿ ಬಿದ್ದಿತ್ತು. ಬೇಕಾದಷ್ಟು ತಂದೆ. ದಪ್ಪ ತಗಡಿನ ಪತ್ರಾ ಇಲ್ಲಿಯೇ ಕತ್ತರಿಸಿದೆ. ಮೂಲೆಗಳಿಗೆ ಬೆಸುಗೆ ಹಾಕುವಾಗ ಅಪ್ಪ ಕರಿ ಗಾಜು ಕಣ್ಣಿಗೆ ಹಿಡಿದು ಅಂಗಲ್ ಅಲುಗದಂತೆ ಕಾಲಲ್ಲಿ ಒತ್ತಿ ಹಿಡಿಯುತ್ತಿದ್ದ. "ಒಳಗಿನ ಬಾಜೂನೂ ಬೆಸಿ, ಬಿಡಬ್ಯಾಡ. ಕಳ್ಳಗ ಮೊದಲ ಕಾಣೂದ ಮೂಲಿ," ಅಂತ ಹೇಳಿಕೊಡುತ್ತಿದ್ದ. ಯಾವ ಕಳ್ಳ ಅಪ್ಪಾ? ಆ ದಿನಗಳಲ್ಲಿ ಅವನು ಬಚ್ಚಲ ದಾರಿ ಕೇಳಲಿಲ್ಲ. ನಿನ್ನ ಬಗ್ಗೆಯೂ ಕೇಳಲಿಲ್ಲ. ಕೆಲಸ ಮುಗಿಯದೇ ಇರಲಿ ಅಂತ ಒಂದೊಂದು ಸಲ ಬೇಕೆಂದೇ ನಿಧಾನ ಮಾಡಿದೆ.

ಆದರೆ ಬಾಗಿಲು ಕೂಡಿಸಿದ್ದು ಅವನು ಮಲಗಿದ್ದಾಗ, ಒಂದು ಮಧ್ಯಾಹ್ನ. ಹಳೆಯ ಪೆಟ್ಟಿಗೆಯ ಬೀಗವನ್ನೇ ಹೊಸ ಬಾಗಿಲಿಗೆ ಹಾಕಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಹಾಕಿದೆ. ಆದರೆ ಬಾಗಿಲು ಹಿಡಿಯುವ ಅದರ ನಾಲಿಗೆಯನ್ನು, ಆ ಕೊಂಡಿಯನ್ನೇ, ಕತ್ತರಿಸಿ ಹಾಕಿದೆ. ಅಪ್ಪನ ಕೀಲಿ ಹೋಗುತ್ತದೆ, ತಿರುಗುತ್ತದೆ, ಕಟಕ್ ಅನ್ನುತ್ತದೆ. ಬಾಗಿಲನ್ನು ಹಿಡಿದಿರುವುದು ಬೇರೆ ಬೀಗ. ಅದು ಕೆಳಗೆ, ಪಟ್ಟಿಯ ಮರೆಯಲ್ಲಿದೆ, ಅದರ ಕೀಲಿ ನನ್ನ ಹತ್ತಿರ. ಬಾಯಿಂದ ಹೇಳಲಾಗದ್ದನ್ನು ಕಬ್ಬಿಣದಲ್ಲಿ ಹೇಳಿದೆ ಅವ್ವಾ, ಅದೂ ಸುಳ್ಳನ್ನು.

ಬಂದೂಕು ಒಳಗಿಡುವ ದಿನ ಇನ್ನೊಂದು ಆಯಿತು. ಅಪ್ಪನ ಎದುರಿಗೇ ಜೋಡಿಸಿ ನಿಲ್ಲಿಸಲು ಹೋದೆ. ನಳಿಗೆ ಮೇಲಿನ ಪತ್ರಾಕ್ಕೆ ಬಡಿಯಿತು. ನಾಲ್ಕು ಬೆರಳು ಗಿಡ್ಡ. ನಾನು ತಪ್ಪು ಅಳೆದೆನಾ ಅಂತ ಟೇಪು ತಂದೆ. ಅಪ್ಪ ಬಂದೂಕನ್ನು ತನ್ನ ಪಕ್ಕ ನಿಲ್ಲಿಸಿಕೊಂಡು ನೋಡಿದ. ನಳಿಗೆಯ ಬಾಯಿ ಮೂರನೇ ಗುಂಡಿ ದಾಟಿ ಎರಡನೆಯದರ ಹತ್ತಿರ ಬಂದಿತ್ತು. ಹೊಟ್ಟೆ ಹಿಡಿದು ನಕ್ಕ. "ಬಂದೂಕ ಬೆಳದಿಲ್ಲೋ ಹುಚ್ಚಾ. ನಾ ಸಣ್ಣಾಗೀನಿ. ಬೂಟೂ ಇಲ್ಲ, ಬೆನ್ನೂ ಇಲ್ಲ." ನಾನೂ ನಕ್ಕೆ. ಅವತ್ತು ಬಂದೂಕನ್ನು ಅವನ ಕೈಗೆ ಕೊಟ್ಟು ಅಳೆದಿದ್ದರೆ ಈ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ, ಅಲ್ಲವಾ? ಮೇಲಿನ ಪತ್ರಾ ಕತ್ತರಿಸಿ ಒಂದು ಟೊಪ್ಪಿಗೆ ಬೆಸೆದು ತಿಜೋರಿಯನ್ನು ಎತ್ತರ ಮಾಡಿದೆ. ಆ ಬೆಸುಗೆ ಸೊಟ್ಟಗಿದೆ. ನೋಡಿದವರು ನನ್ನ ಕೆಲಸ ಅನ್ನುವುದಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಅಪ್ಪ ಉಡದಾರ ಎಳೆದು, ಬಗ್ಗಿ, ಕೀಲಿ ತಿರುಗಿಸುತ್ತಿದ್ದ. ಕಟಕ್. ಬಾಗಿಲು ಜಗ್ಗುತ್ತಿದ್ದ. ಬರುತ್ತಿರಲಿಲ್ಲ. "ಬಾಗಲದ ಬಿಜಾಗರಿ ಬಿಗಿ ಆಗೇತಿ. ಎಣ್ಣಿ ಹಾಕೋ." ನಾನು ಎಣ್ಣೆ ಹಾಕುತ್ತಿದ್ದೆ. ಮರುದಿನ ಮತ್ತೆ ಅದೇ. ಗಟ್ಟಿಯಾಗಿ ಜಗ್ಗಿ ಕೈ ನೋಯಿಸಿಕೊಂಡ ದಿನವೂ ಎಣ್ಣೆಯನ್ನೇ ಹಾಕಿದೆ. ತಿಜೋರಿಯ ಕೆಳಗೆ ನೆಲವೆಲ್ಲ ಜಿಡ್ಡಾಗಿದೆ. ಗಿರಿಜಕ್ಕ ಬಂದಾಗ ಇದನ್ನು ನೋಡಿದಳು. ಅಪ್ಪ ಅತ್ತ ಹೋದ ಮೇಲೆ, "ಬಂದೂಕ ಕಸಗೊಳ್ಳಬ್ಯಾಡ ಅಂದಾಕಿ ನಾನ. ಆದರ ಹಿಂಗ ಆಡಸೂದಕ್ಕಿಂತ ಕಸಗೊಂಡಿದ್ದರ ಚಲೋ ಇತ್ತು," ಅಂದಳು. ಸೆರಗಿನಿಂದ ಆ ನೆಲ ಒರೆಸಲು ಕೂತಳು. ಜಿಡ್ಡು ಹೋಗಲಿಲ್ಲ.

ಇವತ್ತು ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಅಪ್ಪ ಮತ್ತೆ ತಿಜೋರಿಯ ಮುಂದೆ ಬಗ್ಗಿದ್ದ. ಕಟಕ್ ಅಂದಿತು. ಈ ಸಲ ಜಗ್ಗಲಿಲ್ಲ. ನಾನು ಎಣ್ಣೆಯ ಡಬ್ಬಿಗೆ ಏಳಹೋದೆ.

"ಕುಂದ್ರು. ಉಣ್ಣು," ಅಂದ. ಆಮೇಲೆ ಕೀಲಿಯನ್ನು ಇನ್ನೊಮ್ಮೆ, ನಿಧಾನ, ತಿರುಗಿಸಿದ. "ಕೊಂಡಿ ಎಳಿಯೂ ಕೀಲಿಗೆ ತೂಕ ಇರತೈತಿ. ಇದು ಖಾಲಿ ತಿರಗಾಕತ್ತೈತಿ."

ತುತ್ತನ್ನು ತಾಟಿಗೆ ಬಿಟ್ಟೆ. ಏನೋ ಹೇಳಲು ಹೋದೆ, ಅಪ್ಪಾ ಅದು...

"ನೀ ಸುಮ್ಮಸುಮ್ಮನ ಬೀಗ ಕೆಡಸಾಂವಲ್ಲ. ನಾ ಯಾರಿಗೆ ಹಿಡದೆ ಬಂದೂಕ? ಸುಳ್ಳ ಹೇಳಬ್ಯಾಡ."

"ಖಾಸಿಂಬಿ ಚಿಗವ್ವಗ."

ಅವನು ಗೋಡೆ ಹಿಡಿದು ನೆಲಕ್ಕೆ ಕೂತ. ತನ್ನ ಅಂಗೈಗಳನ್ನೇ ನೋಡಿದ. "ಮೊಸರ ತರ್ತಿದ್ದಳಲ್ಲೋ ಆಕಿ," ಅಂದ. "ಚಲೋ ಮಾಡೀದಿ, ಬೀಗ ಬದಲ ಮಾಡಿ. ಆದರ ನನಗ ಹೇಳಬೇಕಿತ್ತು. ನಾ ಏನ ಬ್ಯಾಂಕಿನ ಕಳ್ಳನೇನು?" ಆಮೇಲೆ ದನಿ ತಗ್ಗಿಸಿ, "ನಿಮ್ಮವ್ವ ಸಾರವಾಡದಿಂದ ಬಂದ ಮ್ಯಾಲೆ ಇದನ್ನ ಹೇಳಬ್ಯಾಡ. ಆಕಿ ಎದುರಿಗೆ ನನಗ ನಾಚಿಕಿ ಆಗತೈತಿ," ಅಂದ.

ನನಗೂ ಆಗುತ್ತಿದೆ ಅವ್ವಾ. ಅವನದು ನೆನಪಿಲ್ಲದ ತಪ್ಪು. ನನ್ನದು ಅಳತೆ ಹಿಡಿದು ಮಾಡಿದ್ದು.

"ಬಂದೂಕು ಠಾಣೆಗೆ ಕೊಟ್ಟು ಬರೂಣೇನಪ್ಪಾ?" ಅಂದೆ. ಇಷ್ಟು ದಿನ ಬಾಯಿಗೆ ಬಾರದ ಮಾತು, ಕಡೆಗೆ ಎಷ್ಟು ಸಣ್ಣ ಮಾತು! ಅಪ್ಪ ಎದ್ದು ನಿಂತು ಅಂಗಿ ಸರಿ ಮಾಡಿಕೊಂಡ. ಉಡದಾರದ ಗಂಟು ಬಿಚ್ಚಲು ಅವನ ಬೆರಳಿಗೆ ಆಗಲಿಲ್ಲ. ನಾನು ಬಿಚ್ಚಿದೆ. ಆ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಬ್ಯಾಂಕಿನಲ್ಲಿ ಪಾಳಿ ಬದಲಾಗುವಾಗ ಅನ್ನುತ್ತಿದ್ದಂತೆ, "ಚಾರ್ಜ್ ತಗೊ. ಎಲ್ಲಾ ಬರೋಬರಿ ಐತಿ," ಅಂದ. "ತಗೊಂಡೆರಿ," ಅಂದೆ. ಅಪ್ಪನಿಗೆ ನಾನು ರೀ ಅಂದದ್ದು ಅದೇ ಮೊದಲು.

ಇದನ್ನು ಇಲ್ಲಿಗೆ ಮುಗಿಸಿದರೆ ನಿನಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಚಹಾದ ಹೊತ್ತಿಗೆ ಅಪ್ಪ ನಡು ಸವರಿಕೊಳ್ಳುತ್ತ ಮನೆಯೆಲ್ಲ ಹುಡುಕತೊಡಗಿದ. "ಕೀಲಿ ಎಲ್ಲಿ? ಯಾರ ತಗೊಂಡ್ರೋ ನನ್ನ ಕೀಲಿ?" ಚಾರ್ಜ್ ಕೊಟ್ಟದ್ದನ್ನು ನೆನಪಿಸಿದೆ. ನನ್ನ ಮುಖವನ್ನೇ ನೋಡಿದ, ಸುಳ್ಳು ಹೇಳುವವನನ್ನು ನೋಡುವ ಹಾಗೆ. ಅವನಿಗೆ ಹಾಗೆ ನೋಡುವ ಹಕ್ಕಿದೆ. ಕೀಲಿಯನ್ನು ಮತ್ತೆ ಉಡದಾರಕ್ಕೆ ಕಟ್ಟಿದೆ. "ಇದು ಖಾಲಿ ಕೀಲಿ ಅಪ್ಪಾ, ಬಾಗಿಲ ತಗಿಯೂದಿಲ್ಲ," ಅಂತ ಕಟ್ಟುವಾಗಲೇ ಹೇಳಿದೆ. ಇನ್ನು ಎಷ್ಟು ಸಲ ಕೇಳಿದರೂ ಅಷ್ಟು ಸಲ ಇದನ್ನೇ ಹೇಳುತ್ತೇನೆ, ಎಣ್ಣೆ ಹಾಕುವುದಿಲ್ಲ. ನಿನಗೆ ಕೊಡುವ ಮಾತು ಅದೊಂದೇ. "ಇರಲಿ, ಕಟ್ಟು," ಅಂದ.

ಕಾಡತೂಸು ತೆಗೆದು ಜೋಳದ ಡಬ್ಬಿಯನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿದ್ದೇನೆ. ಆ ಜೋಳ ಪಾರಿವಾಳಕ್ಕಾಯಿತು. ಖಾಸಿಂಬಿ ಚಿಗವ್ವ ಗೋಡೆಯಾಚೆಯಿಂದ ನೋಡಿ, ಏನೂ ಕೇಳದೆ, ಬ್ಯಾಂಕಿನ ಕಾಲದ ಅಪ್ಪನ ಖಾಕಿ ಅಂಗಿ ಇಸಿದುಕೊಂಡು ಹೋದಳು. ಎದೆಯ ಗುಂಡಿಗಳು ಸಡಿಲಾಗಿದ್ದವು, ಬೆಳಗಾಗುವುದರೊಳಗೆ ಹೊಲಿದು ಕೊಡುತ್ತಾಳೆ.

ನಾಳೆ ಹತ್ತೂವರೆಗೆ ಅಪ್ಪನೂ ನಾನೂ ಬಂದೂಕು ಒಪ್ಪಿಸಲು ಠಾಣೆಗೆ ಹೋಗಬೇಕು. ಗಿರಿಜಕ್ಕ ಬಬಲೇಶ್ವರದಿಂದ ಮೊದಲ ಬಸ್ಸಿಗೆ ಬರುತ್ತಾಳೆ.