ಗೋಡೆಗೆ ಮುಖಮಾಡಿದ ಚಿತ್ರ

ಲಿಯೋನ್, 14 ಮಾರ್ಚ್ 1978
ಮಂಗಳವಾರ. ಈ ಸಂಜೆ ನಮಗೆ ಪ್ರದರ್ಶನವಿಲ್ಲ.

ಪ್ರೀತಿಯ ಅಕ್ಕ ಮಾರ್ಸೆಲಿನ್,

ನಿನ್ನ ಕಾಗದ ಕ್ರಿಸ್‌ಮಸ್‌ಗೇ ಬಂದಿತ್ತು. ಈಸ್ಟರ್ ಹತ್ತಿರವಾದಾಗ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಮಂಡಿನೋವು ಹೇಗಿದೆ? ಅಪ್ಪ ಹೋಗಿ ಎರಡು ವರ್ಷವಾಯಿತು, ಗೋಡೆಗೆ ಹಾಕಲು ಅವರದೊಂದು ಒಳ್ಳೆಯ ಫೋಟೊ ಕೂಡ ಇಲ್ಲ, ನೀನೇ ಬಿಡಿಸಿಕೊಡು ಎಂದು ಕೇಳಿದ್ದೀಯ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ನಗೆತಂಡಕ್ಕೀಗ ಗೌರವ ಬಂದಿದೆ. ಹೊಸ ಚಿತ್ರಕಲೆಯನ್ನು ಗೇಲಿ ಮಾಡುವ ನಮ್ಮ 'ಹರಾಜು' ಪ್ರಹಸನ ನೀನು ನೋಡಿದ್ದೀಯ. ಪ್ರತಿ ಸಲ ನಾನು ಬೇಕೆಂದೇ ಕೆಟ್ಟದಾಗಿ ಬಿಡಿಸಿದ ಹೊಸ ಚಿತ್ರವೊಂದನ್ನು ಪರದೆಯ ಪಕ್ಕ ಗೋಡೆಗೆ ಮುಖಮಾಡಿ ಇಡುತ್ತೇನೆ. ರಂಗದ ಮೇಲೆ ತಿರುಗಿಸುವವರೆಗೆ ನಟರು ಯಾರೂ ಅದನ್ನು ನೋಡುವಂತಿಲ್ಲ. ಮೊದಲೇ ನೋಡಿದರೆ ಮಾತು ಹಳಸುತ್ತದೆ ಎಂಬುದು ಯಜಮಾನ ಬಸ್ತೀದ್‌ನ ನಿಯಮ. ಈಗ ಊರಿನ ಒಂದು ಗ್ಯಾಲರಿಗೆ ಆ ಚಿತ್ರಗಳೇ ಬೇಕಂತೆ. ಇಷ್ಟು ವರ್ಷ ನಾವು ಯಾರನ್ನು ಆಡಿಕೊಂಡೆವೋ ಅವರೇ ಶನಿವಾರ ವೈನ್ ಹಿಡಿದು ಅವುಗಳ ಮುಂದೆ ತಲೆದೂಗಲಿದ್ದಾರೆ. ಚಿತ್ರಗಳ ಕೆಳಗಿನ ಚೀಟಿಯಲ್ಲಿ ತಂಡದ ಹೆಸರಿದೆ, ನನ್ನದಿಲ್ಲ. ಅದಕ್ಕೆ ನನ್ನ ತಕರಾರಿಲ್ಲ.

ನಿನ್ನೆ ಗ್ಯಾಲರಿಯಲ್ಲಿ ಚಿತ್ರಗಳನ್ನು ತೂಗುಹಾಕುವಾಗ ಒಂದನ್ನು ಮಾತ್ರ ತಡೆದೆ. ಇದು ಪ್ರಹಸನದ್ದಲ್ಲ, ನನ್ನ ಸ್ವಂತದ್ದು, ಕೋಣೆಯಲ್ಲಿ ತೇವವೆಂದು ಬಣ್ಣ ಒಣಗಲು ಪರದೆಯ ಪಕ್ಕ ಗೋಡೆಗೆ ತಿರುಗಿಸಿ ಇಟ್ಟಿದ್ದೆ, ನೀವೇ ಪ್ರಹಸನದ್ದೆಂದು ರಂಗಕ್ಕೆ ಎತ್ತಿಕೊಂಡು ಹೋದಿರಿ ಎಂದೆ.

ಬಸ್ತೀದ್ ಬಾಯಿಂದ ಸಿಗರೇಟನ್ನೂ ತೆಗೆಯಲಿಲ್ಲ. "ನಿನ್ನದಾಗಿದ್ರೆ ಆವತ್ತೇ ಬಾಯಿ ಬಿಡಬೇಕಿತ್ತು ಮಾರಾಯ್ತಿ. ಜನ ಎಲ್ಲಕ್ಕಿಂತ ಜಾಸ್ತಿ ನಕ್ಕಿದ್ದೇ ಇದಕ್ಕೆ. ಈಗ ಬಿಡೋಕಾಗುತ್ತಾ?"

ಗ್ಯಾಲರಿಯ ಹೆಂಗಸು ಹತ್ತಿರ ಬಂದು ನೋಡಿ, ಗೇಲಿ ಇಷ್ಟು ನಿಖರವಾಗಿರುವುದು ಅಪರೂಪ ಎಂದಳು. ಅದನ್ನು ನಡುಗೋಡೆಗೇ ಹಾಕಿದರು.

ನಿನಗೂ ಮಕ್ಕಳಿಗೂ ದೇವರು ಆರೋಗ್ಯ ಕೊಡಲಿ.

ನಿನ್ನ ತಂಗಿ,
ಆರ್ಲೆತ್

ಇನ್ನೊಂದು ಮಾತು: ಆ ಚಿತ್ರದಲ್ಲಿ ಬಾಯಿ ತೆರೆದು ಮಲಗಿರುವ ಮುದುಕನಿದ್ದಾನೆ. ಬಸ್ತೀದ್ ಅದನ್ನು ಜನರ ಕಡೆ ತಿರುಗಿಸಿ, "ಮಹನೀಯರೇ, ಮೀನು ಮಾರುಕಟ್ಟೆಯಿಂದ ಈಗಷ್ಟೇ ಬಂದದ್ದು" ಎಂದ ದಿನ ನೀನು ಮೂರನೆಯ ಸಾಲಿನಲ್ಲಿದ್ದೆ. ನೀನೂ ಪಕ್ಕದವಳ ತೋಳು ಹಿಡಿದುಕೊಂಡು ನಕ್ಕೆ. ಅದಕ್ಕೇ ಆವತ್ತು ನಾನು ಬಾಯಿ ಬಿಡಲಿಲ್ಲ. ಅದು ಅಪ್ಪ, ಆಸ್ಪತ್ರೆಯಲ್ಲಿ, ಕೊನೆಯ ಬೆಳಿಗ್ಗೆ. ನೀನು ಕೇಳುವ ಮೊದಲೇ ನಿನಗೆಂದು ಬಿಡಿಸಿದ್ದೆ. ಶನಿವಾರ ಬಾಗಿಲು ತೆರೆದ ಕೂಡಲೇ ಹೋಗಿ, ಯಾರನ್ನೂ ಕೇಳದೆ ಅದನ್ನು ಇಳಿಸಿಕೊಂಡು ಬರುತ್ತೇನೆ. ನಿನಗೆ ಕಳಿಸುವುದಿಲ್ಲ.