ಅಣ್ಣನಿಗೆ ಹೇಳಲಾಗದ ಹೊಟ್ಟೆನೋವು

ನೆಯಾಫು, ವಾವಾವು
ಶನಿವಾರ, ೧೪ ಮಾರ್ಚ್ ೧೯೯೮, ಬೆಳಿಗ್ಗೆ

ಮಗಳೇ ತೊವಾಕಾಸೆ,

ಈ ಕಾಗದ ತಂದ ದೋಣಿಯೇ ನಿನ್ನನ್ನು ಕರೆದೊಯ್ಯಲು ಬಂದಿದೆ. ಮೊದಲು ಹತ್ತು, ಆಮೇಲೆ ಓದು.

ನಿನ್ನ ಚೀಟಿ ನಿನ್ನೆ ಕತ್ತಲಾದ ಮೇಲೆ ಕೈಸೇರಿತು. ಆ ಹೊತ್ತಿನಲ್ಲಿ ಹವಳದ ಬಂಡೆಗಳ ನಡುವೆ ಯಾರೂ ದೋಣಿ ಬಿಡುವುದಿಲ್ಲ. ಮುಟ್ಟು ತಪ್ಪಿ ಮೂರು ವಾರ, ಎಡಗಡೆ ಚುಚ್ಚುವ ನೋವು, ಒಂದಿಷ್ಟು ರಕ್ತವೂ ಕಂಡಿದೆ ಎಂದು ಬರೆದು, ಕೊನೆಗೆ ಒಂದು ಮಾತ್ರೆ ಕಳಿಸು ಎಂದಿದ್ದೀಯ. ನಿನ್ನ ಗಂಡ ಮೀನಿನ ಹಡಗಿನಲ್ಲಿದ್ದಾನೆ. ನಿಮ್ಮ ದ್ವೀಪದ ದವಾಖಾನೆಯಲ್ಲಿ ರೋಗಿಗಳನ್ನು ನೋಡುವವನು ಒಬ್ಬನೇ, ನಿನ್ನ ಅಣ್ಣ ಲಿಸಿಯಾಟೆ. ಅವನಿಗೆ ಹಸಿ ಮೀನು ಒಗ್ಗಲಿಲ್ಲವೆಂದು ಹೇಳಿದ್ದೀಯ. ಅಣ್ಣನೆದುರು ಮುಟ್ಟು, ಬಸಿರು ಎಂದು ಬಾಯಿಬಿಡುವ ತಂಗಿಯನ್ನು ನಾನೂ ಬೆಳೆಸಲಿಲ್ಲ. ದವಾಖಾನೆಯ ವೈರ್‌ಲೆಸ್ ರೇಡಿಯೋದಲ್ಲಿ ನಾನೇ ಹೇಳೋಣವೆಂದರೆ ಇಡೀ ದ್ವೀಪ ಕೇಳಿಸಿಕೊಳ್ಳುತ್ತದೆ.

ಇದು ಮಾತ್ರೆಗೆ ಬಗ್ಗುವುದಲ್ಲ. ಬಸಿರು ಗರ್ಭಕೋಶಕ್ಕೆ ಇಳಿಯದೆ ಪಕ್ಕದ ನಾಳದಲ್ಲೇ ನಿಂತಿದೆ ಎಂದು ನನ್ನ ಅನುಮಾನ. ಅಲ್ಲಿ ಅದು ಬದುಕುವುದಿಲ್ಲ. ನಾಳ ಒಡೆದರೆ ನೀನೂ ಬದುಕುವುದು ಕಷ್ಟ.

ನಾನು ಡಾಕ್ಟರಲ್ಲ. ಆದರೆ ಆಪರೇಷನ್ ಕೋಣೆಯ ರಿಜಿಸ್ಟರು ಹತ್ತೊಂಬತ್ತು ವರ್ಷದಿಂದ ನನ್ನ ಕೈಯಲ್ಲಿದೆ. ಮೊದಲ ವರ್ಷ ಇಂಥವು ಮೂರು. ಮೂರೂ ಒಡೆದ ಮೇಲೆ ಬಂದವು, ಮೂವರಿಗೂ ಗೇಣುದ್ದ ಹೊಟ್ಟೆ ಕೊಯ್ದು ನಾಳ ತೆಗೆದರು, ಒಬ್ಬಳು ಉಳಿಯಲಿಲ್ಲ. ಹೋದ ವರ್ಷ ಹನ್ನೊಂದು. ಎಲ್ಲರೂ ನಡೆದುಕೊಂಡೇ ಮನೆಗೆ ಹೋದರು. ಸ್ಕ್ಯಾನ್ ಯಂತ್ರ ಬಂದ ಮೇಲೆ ಒಡೆಯುವ ಮೊದಲೇ ತಿಳಿಯುತ್ತದೆ. ಬೇಗ ಬಂದವರಿಗೆ ಕೆಲವೊಮ್ಮೆ ನಾಳವನ್ನು ಸಣ್ಣಗೆ ಸೀಳಿ, ಒಳಗಿನದನ್ನು ಮಾತ್ರ ತೆಗೆದು ನಾಳ ಉಳಿಸುತ್ತಾರೆ.

"ನಾಳದ ಸೋಂಕು ಜಾಸ್ತಿಯಾಗಿದೆ ಸಿಸ್ಟರ್, ಅದಕ್ಕೇ ಸಂಖ್ಯೆ ಏರ್ತಿದೆ" ಎಂದರು ಹೊಸ ಡಾಕ್ಟರು.

"ಇರಬಹುದು ಡಾಕ್ಟ್ರೇ. ಆದ್ರೆ ಮುಂಚೆ ಹೊಟ್ಟೆನೋವು ಅಂತ ಮನೇಲೇ ಸತ್ತೋರು ನನ್ನ ಪುಸ್ತಕಕ್ಕೆ ಬರ್ಲೇ ಇಲ್ವಲ್ಲ, ಅವರನ್ನ ಎಲ್ಲಿ ಕೂಡ್ತೀರಿ?" ಎಂದೆ.

ಈಗ ನನ್ನದು. ನನ್ನ ಹೊಟ್ಟೆಯ ಮೇಲಿನ ಗೆರೆ ಅಪೆಂಡಿಕ್ಸಿನದಲ್ಲ. ನಿನಗೆ ಎರಡು ವರ್ಷವಿದ್ದಾಗ ಒಂದು ಶನಿವಾರ ಸಂಜೆ ನನಗೂ ಇದೇ ನೋವು ಬಂತು. ದೋಣಿ ಇದ್ದದ್ದು ನನ್ನ ಅಣ್ಣನ ಹತ್ತಿರ. ಏನಾಯ್ತೆಂದು ಕೇಳಿದ. ಗೆಣಸು ಹೆಚ್ಚಾಯ್ತು ಎಂದೆ.

"ನಿನ್ನ ಬಾಯಿಗೊಂದು ಬೀಗ ಹಾಕ್ಬೇಕು ಕಣೇ. ಗೆಣಸಿಗೋಸ್ಕರ ಭಾನುವಾರ, ದೇವರ ದಿನ, ದೋಣಿ ಬಿಟ್ರೆ ಪಾದ್ರಿ ನನ್ನ ಚರ್ಮ ಸುಲೀತಾರೆ. ಸೋಮವಾರ ಹೋದ್ರಾಯ್ತು" ಎಂದು ನಕ್ಕ. ನಾನೂ ನಕ್ಕೆ. ಪ್ರಾಣ ಹೋಗುತ್ತದೆಂದು ಗೊತ್ತಾಗಿದ್ದರೆ ಭಾನುವಾರವೂ ಹೊರಡುತ್ತಿದ್ದ. ಸೋಮವಾರ ನನ್ನನ್ನು ಚಾಪೆಯಲ್ಲಿ ಸುತ್ತಿ ತಂದರು. ಒಂದು ನಾಳ ಹೋಯಿತು, ಇನ್ನೊಂದು ಅಂಟಿಕೊಂಡು ಕೆಲಸಕ್ಕೆ ಬಾರದಾಗಿತ್ತು. ನಿಮ್ಮಿಬ್ಬರ ನಂತರ ಮಕ್ಕಳಾಗದ್ದಕ್ಕೆ ದೇವರ ಇಚ್ಛೆ ಎಂದಿದ್ದೆ. ಅದರಲ್ಲಿ ಅರ್ಧ ಪಾಲು ನನ್ನ ಸುಳ್ಳಿನದು. ವಾಸಿಯಾದ ಮೇಲೆ ಅದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯಲು ಸೇರಿದೆ; ಅಲ್ಲಿಂದ ನರ್ಸ್ ಆದದ್ದು ನಿನಗೆ ಗೊತ್ತು. ನಿನ್ನ ಸೋದರಮಾವ ಇವತ್ತಿಗೂ ನನ್ನ ತಟ್ಟೆಗೆ ಗೆಣಸು ಬಿದ್ದಾಗಲೆಲ್ಲ ಗೇಲಿ ಮಾಡುತ್ತಾನೆ.

ಏನೂ ತಿನ್ನಬೇಡ, ನೀರೂ ಬೇಡ. ದೋಣಿಯಲ್ಲಿ ಮಲಗಿಯೇ ಇರು. ಜೊತೆಗಿರುವ ನರ್ಸ್ ಫೂಸಿಗೆ ಇದ್ದದ್ದು ಇದ್ದ ಹಾಗೆ ಹೇಳು. ಆಪರೇಷನ್ ಕೋಣೆಯಲ್ಲಿ ನಾನಿರುತ್ತೇನೆ. ನಾಳ ಉಳಿಯುತ್ತದೆಂದು ಮಾತು ಕೊಡಲಾರೆ. ನೀನು ಉಳಿದರೆ ನನಗೆ ಸಾಕು.

ನಿನ್ನ ಅಮ್ಮ,
ಲಾವಿನಿಯಾ

ತಾ.ಕ.: ಈ ದೋಣಿ ನಾನು ಗೊತ್ತುಮಾಡಿದ್ದಲ್ಲ. ಬೆಳಕು ಹರಿಯುತ್ತಲೇ ನಾನು ದೋಣಿಕಟ್ಟೆಗೆ ಓಡಿದಾಗ ದೋಣಿಯವನು ಸೆಮಿಸಿ ಆಗಲೇ ಎಣ್ಣೆ ತುಂಬುತ್ತಿದ್ದ. "ನಿಮ್ಮ ಲಿಸಿಯಾಟೆ ಈಗ ತಾನೇ ರೇಡಿಯೋದಲ್ಲಿ ಹೇಳ್ದ ಸಿಸ್ಟರ್. ಹೆಣ್ಣು ರೋಗಿ, ಹೆಂಗಸು ನರ್ಸೇ ಬರ್ಬೇಕು, ರಕ್ತ ರೆಡಿ ಇಡ್ಬೇಕು ಅಂತ. ಯಾರು, ಏನು ಕಾಯಿಲೆ ಅಂದ್ರೆ ಬಾಯೇ ಬಿಡ್ಲಿಲ್ಲ" ಎಂದ. ದಡದಲ್ಲಿ ಅಣ್ಣ ಕಾಣಲಿಲ್ಲವೆಂದು ಮುನಿಯಬೇಡ. ನೀನು ತಲೆ ತಗ್ಗಿಸದೆ ದೋಣಿ ಹತ್ತಲೆಂದೇ ಅವನು ಬಂದಿಲ್ಲ.